ಆಶ್ರಮವಾಸಿಗಳ ದರ್ಶನ

(ಮಹಾಲಯಪಕ್ಷದ ನಿಮಿತ್ತ ದೇವಸ್ಥಾನದಲ್ಲಿ ನಡೆದ ಪ್ರವಚನದ ಬರಹರೂಪ)



ಭಾದ್ರಪದ ಕೃಷ್ಣಪಕ್ಷವು ಸಮೀಪಿಸುತ್ತಿದೆ. ಮಹಾಲಯಶ್ರಾದ್ಧಕ್ಕೆ ಹೆಸರು ಬರೆಯಿಸುವವರು ಆಗಲೇ ದೇವಸ್ಥಾನದ ಕಛೇರಿಗೆ ಬರತೊಡಗಿದ್ದಾರೆ. ತಿಥಿ ಯಾವುದು, ಬ್ರಾಹ್ಮಣರು ಎಷ್ಟು ಮಂದಿ, ಅಡಿಗೆಗೆ ಯಾರು ಎಂಬ ವಿಚಾರಣೆ ನಡೆದಿದೆ. ಇಷ್ಟು ಶ್ರದ್ಧೆ ನಮ್ಮ ಸಮಾಜದಲ್ಲಿ ಉಳಿದಿರುವುದು ಶ್ರೀಹರಿವಾಯುಗುರುಗಳ ಅನುಗ್ರಹವೇ ಸರಿ. ಆದರೆ ಈ ಸಲ ಪಿತೃಲೋಕವನ್ನು ಸೇರಿದವರ ವಿಷಯವನ್ನು ನಾಳೆಗೆ ಇಟ್ಟುಕೊಂಡು, ಇನ್ನೂ ಈ ಲೋಕದಲ್ಲಿಯೇ ಇದ್ದು, ಆದರೆ ನಮ್ಮ ಮನೆಗಳಲ್ಲಿ ಇಲ್ಲದ ಹಿರಿಯರ ವಿಷಯವನ್ನು ಇಂದು ಹೇಳಬೇಕೆಂದಿದ್ದೇನೆ. ಬೆಂಗಳೂರು, ಮೈಸೂರು, ಧಾರವಾಡ, ಉಡುಪಿ, ಎಲ್ಲ ಕಡೆಯೂ ಈಗ ವೃದ್ಧಾಶ್ರಮಗಳಿವೆ. ಅವುಗಳಲ್ಲಿ ನಮ್ಮವರೂ ಇದ್ದಾರೆ. ಈ ಸಭೆಯಲ್ಲಿ ಕುಳಿತವರಲ್ಲಿ ಕೆಲವರ ಮಕ್ಕಳಿಗೆ ಅಜ್ಜಿಯ ಮನೆ ಎಂದರೆ ಅಂತಹ ಒಂದು ಕೊಠಡಿ. ಅಲ್ಲಿಗೆ ಹೋಗುವುದು ಹೇಗೆ ಎಂಬುದೇ ಇಂದಿನ ವಿಷಯ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವುಂಟು. ಹಿಂದೊಂದು ಚಾತುರ್ಮಾಸ್ಯದಲ್ಲಿ ಒಂದು ವೃದ್ಧಾಶ್ರಮದವರು ಐದು ದಿನಗಳ ಭಾರತಪ್ರವಚನಕ್ಕೆ ನನ್ನನ್ನು ಕರೆದಿದ್ದರು. ಯಾವ ಭಾಗವನ್ನು ಹೇಳಲಿ ಎಂದು ಕೇಳಿದಾಗ, ನಿವೃತ್ತ ಉಪಾಧ್ಯಾಯರೊಬ್ಬರು, ‘ಹದಿನೈದನೆಯ ಪರ್ವ’ ಎಂದರು. ಹದಿನೆಂಟು ಪರ್ವಗಳಲ್ಲಿ ಹದಿನೈದನೆಯದು ಆಶ್ರಮವಾಸಿಕ ಪರ್ವ. ಧೃತರಾಷ್ಟ್ರ, ಗಾಂಧಾರಿ, ಕುಂತೀದೇವಿ, ಈ ಮೂವರು ವೃದ್ಧರು ಮನೆಯನ್ನು ಬಿಟ್ಟು ಕಾಡಿಗೆ ಹೋಗಿ ನೆಲೆಸಿದ ಕಥೆ. ಅದನ್ನು ಅಲ್ಲಿ, ಅವರ ಎದುರಿಗೆ ಹೇಳುವುದು ಹೇಗೆಂದು ನನಗೆ ಸಂಕೋಚವಾಯಿತು. ಉಪಾಧ್ಯಾಯರಿಗೆ ಆಗಲಿಲ್ಲ. ನಾಲ್ಕನೆಯ ದಿನ, ಪಾಂಡವರು ಕಾಡಿಗೆ ಹೋಗಿ ಹಿರಿಯರನ್ನು ಕಂಡು ಒಂದು ತಿಂಗಳಿಗೂ ಮೀರಿ ಅಲ್ಲಿಯೇ ಇದ್ದರೆಂಬ ಪ್ರಸಂಗವನ್ನು ಹೇಳಿ ಮುಗಿಸಿದೆ. ಮಂಗಳಾರತಿ ಆದ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ನಗುತ್ತಲೇ ಹೇಳಿದರು: ‘ಆಚಾರ್ರೇ, ಅವರು ಒಂದು ತಿಂಗಳು ಇದ್ರಂತಲ್ಲ. ನಮ್ಮ ಹುಡುಗರು ಬಂದ್ರೆ ಕಾರಿನ ಇಂಜಿನ್ನೇ ಆರಿಸೋದಿಲ್ಲ.’

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು ಸಾಯಂಸಂಧ್ಯಾವಂದನೆಗೆ ಕುಳಿತರೆ ಆ ಮಾತು ಬಿಡಲಿಲ್ಲ. ಆ ಪ್ರಸಂಗವನ್ನು ಮತ್ತೊಮ್ಮೆ ಮೂಲದಲ್ಲಿ ಓದಿ ನೋಡಿದೆ. ಎಷ್ಟೋ ಸಲ ಹೇಳಿದ್ದ ಕಥೆಯಾದರೂ, ಹಿರಿಯರ ದರ್ಶನಕ್ಕೆ ಹೋಗುವ ವಿಧಿಯೇ ಅಲ್ಲಿ ಹುದುಗಿದೆಯೆಂಬುದು ಅದುವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ.

ಕಥೆಯ ಹಿನ್ನೆಲೆ ನಿಮಗೆ ತಿಳಿದದ್ದೇ. ಯುದ್ಧವು ಮುಗಿದ ಮೇಲೆ ಹದಿನೈದು ವರ್ಷಗಳ ಕಾಲ ಧರ್ಮರಾಜನು ಧೃತರಾಷ್ಟ್ರನನ್ನು ತಂದೆಗಿಂತ ಹೆಚ್ಚಾಗಿ ನೋಡಿಕೊಂಡನು. ಯಾವ ಕೊರತೆಯೂ ಇರಲಿಲ್ಲ. ಭೀಮಸೇನದೇವರ ಕಠೋರವಾದ ಮಾತುಗಳು ಆ ಮುದುಕನಲ್ಲಿ ವೈರಾಗ್ಯವನ್ನು ಹುಟ್ಟಿಸಿದವು; ಅದನ್ನು ಅನುಗ್ರಹವೆಂದೇ ನಮ್ಮ ಹಿರಿಯರು ವ್ಯಾಖ್ಯಾನಿಸುತ್ತಾರೆ. ಅವನು ತಾನಾಗಿಯೇ ವನಕ್ಕೆ ಹೋಗುವೆನೆಂದನು. ಕಾರ್ತಿಕ ಪೂರ್ಣಿಮೆಯಂದು ಹೊರಟರು. ಮುಂದೆ ಕುಂತಿ, ಅವಳ ಹೆಗಲ ಮೇಲೆ ಕಣ್ಣು ಕಟ್ಟಿಕೊಂಡ ಗಾಂಧಾರಿಯ ಕೈ, ಗಾಂಧಾರಿಯ ಹೆಗಲ ಮೇಲೆ ಕುರುಡನಾದ ಧೃತರಾಷ್ಟ್ರನ ಕೈ. ಕುಂತಿಯು ಹೋಗಬೇಕಾಗಿಯೇ ಇರಲಿಲ್ಲ. ಅವಳ ಮಕ್ಕಳು ಚಕ್ರವರ್ತಿಗಳು. ಅವರು ಅತ್ತು ಬೇಡಿಕೊಂಡರೂ ಅವಳು ನಿಲ್ಲಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹಿರಿಯರನ್ನು ವೃದ್ಧಾಶ್ರಮಕ್ಕೆ ಸೇರಿಸಿದವರೆಲ್ಲ ಪಾಪಿಗಳೆಂದು ವೇದಿಕೆಯ ಮೇಲಿಂದ ಹೇಳುವುದು ಬಹಳ ಸುಲಭ. ನಾನೂ ಹಲವು ವರ್ಷ ಹಾಗೆಯೇ ಹೇಳಿಕೊಂಡು ಬಂದೆ. ಈಗ ಹೇಳುವುದಿಲ್ಲ. ಮಗನು ಅಮೆರಿಕೆಯಲ್ಲಿ, ಮಗಳು ಪುಣೆಯಲ್ಲಿ, ಮೂರನೆಯ ಮಹಡಿಯ ಮನೆ, ಬಿದ್ದು ಸೊಂಟದ ಮೂಳೆ ಮುರಿದ ತಾಯಿ, ರಾತ್ರಿ ಎರಡು ಸಲ ಎಬ್ಬಿಸಿ ಕೂರಿಸಬೇಕಾದ ತಂದೆ. ಇಂತಹ ಸಂಸಾರಗಳನ್ನು ಹತ್ತಿರದಿಂದ ಕಂಡಿದ್ದೇನೆ. ಮಕ್ಕಳಿಗೆ ಭಾರವಾಗಲಾರೆವೆಂದು ತಾವಾಗಿಯೇ ಹೋಗಿ ಹೆಸರು ಬರೆಯಿಸಿದ ದಂಪತಿಗಳನ್ನೂ ಕಂಡಿದ್ದೇನೆ. ಇದಕ್ಕೆ ವಿರುದ್ಧವಾಗಿ, ಅಂತಹ ಸ್ಥಳಗಳಿಗೆ ‘ವಾನಪ್ರಸ್ಥ’ ಎಂಬ ಹೆಸರನ್ನಿಟ್ಟ ಮಾತ್ರಕ್ಕೆ ಅದು ವಾನಪ್ರಸ್ಥವಾಗುವುದಿಲ್ಲ ಎಂಬುದೂ ಸತ್ಯ. ಆ ಆಶ್ರಮಸ್ವೀಕಾರವನ್ನು ಕಲಿಯುಗದಲ್ಲಿ ವರ್ಜ್ಯವೆಂದು ನಿಬಂಧಕಾರರು ಎಣಿಸಿದ್ದಾರೆ. ಅದಿರಲಿ. ಮನುವು ವನಕ್ಕೆ ಹೊರಡುವ ಕಾಲವನ್ನು ಹೇಳುವಾಗ ಚರ್ಮದ ಸುಕ್ಕು ಮತ್ತು ನರೆತ ಕೂದಲುಗಳ ಜೊತೆಗೆ ಮೂರನೆಯ ಗುರುತನ್ನೂ ಹೇಳುತ್ತಾನೆ. ಮೊಮ್ಮಗನ ಮುಖವನ್ನು ಕಾಣುವುದೇ ಆ ಗುರುತು. ಅಂದರೆ ಮನೆಯ ಭಾರವನ್ನು ಇಳಿಸಬಹುದೆಂಬ ಧೈರ್ಯವನ್ನು ಹಿರಿಯರಿಗೆ ಕೊಡುವವನೇ ಮೊಮ್ಮಗ. ಆ ಮೊಮ್ಮಗನು ಅನಂತರ ಅವರ ಕಣ್ಣಿಗೇ ಬೀಳದಿದ್ದರೆ?

ಕಾನೂನಿನ ಮಾತನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ಸಭೆಯಲ್ಲಿ ವಕೀಲರಿದ್ದಾರೆ, ತಪ್ಪಿದ್ದರೆ ತಿದ್ದಲಿ. 2007ರಲ್ಲಿ ನಮ್ಮ ಸಂಸತ್ತು ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪಾಲನೆ-ಪೋಷಣೆಯ ಕಾಯಿದೆಯನ್ನು ಮಾಡಿತು. ಅದರಲ್ಲಿ ‘ಮಕ್ಕಳು’ ಎಂಬ ಶಬ್ದದೊಳಗೆ ವಯಸ್ಕರಾದ ಮೊಮ್ಮಗ, ಮೊಮ್ಮಗಳೂ ಸೇರಿದ್ದಾರೆ. ಅಜ್ಜ-ಅಜ್ಜಿಯರು ಮೊಮ್ಮಕ್ಕಳಿಂದಲೂ ಜೀವನಾಂಶವನ್ನು ಕೇಳಬಹುದು. ಆ ಕಾಯಿದೆಯು ತಿಂಗಳಿಗೆ 10,000 ರೂಪಾಯಿಗಳ ಮೇರೆಯನ್ನು ಇಟ್ಟಿತು. ಹಿರಿಯರನ್ನು ತೊರೆದವರಿಗೆ 3 ತಿಂಗಳ ಸೆರೆಮನೆಯವರೆಗೂ ಶಿಕ್ಷೆಯನ್ನು ಹೇಳಿತು. ಒಳ್ಳೆಯದೇ. ಆದರೆ ಮೊಮ್ಮಗನು ಹೋಗಿ ಅರ್ಧ ಗಂಟೆ ಪಕ್ಕದಲ್ಲಿ ಕುಳಿತುಕೊಳ್ಳಬೇಕೆಂದು ಆದೇಶ ಮಾಡುವ ನ್ಯಾಯಾಲಯವನ್ನು ಯಾರು ಸ್ಥಾಪಿಸಿಯಾರು?

ಮತ್ತೆ ಕಥೆಗೆ ಬರೋಣ. ಹಿರಿಯರು ಹೋದ ಮೇಲೆ ಪಾಂಡವರಿಗೆ ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲಲಿಲ್ಲ. ಸಹದೇವನು ಬಾಯಿಬಿಟ್ಟು ಹೇಳಿದನು, ತಾಯಿಯನ್ನು ನೋಡಬೇಕು ಎಂದು. ದ್ರೌಪದಿಯೂ ಅದನ್ನೇ ಹೇಳಿದಳು. ಪರಿವಾರ ಸಮೇತರಾಗಿ, ಪುರಜನರನ್ನೂ ಕರೆದುಕೊಂಡು, ಯಮುನೆಯನ್ನು ದಾಟಿ ಕುರುಕ್ಷೇತ್ರದ ಆಶ್ರಮಕ್ಕೆ ಬಂದರು. ಆಶ್ರಮವು ದೂರದಲ್ಲಿ ಕಾಣಿಸಿದೊಡನೆಯೇ ರಥಗಳಿಂದ ಇಳಿದರು. ಅಲ್ಲಿಂದ ಮುಂದಕ್ಕೆ ಕಾಲುನಡಿಗೆ. ನಮ್ಮ ಅಜ್ಜಿಯವರು ಇಂಜಿನ್ನಿನ ಮಾತನ್ನು ಹೇಳಿದಾಗ ಭಾರತದ ಈ ಸ್ಥಳವು ಅವರ ಮನಸ್ಸಿನಲ್ಲಿ ಇತ್ತೋ ಇಲ್ಲವೋ, ನನಗಂತೂ ಇದೇ ನೆನಪಿಗೆ ಬಂದಿತು.

ಹಿರಿಯರು ಆಶ್ರಮದಲ್ಲಿ ಇರಲಿಲ್ಲ. ಸ್ನಾನಕ್ಕೆ, ಹೂವಿಗೆ, ನೀರಿಗೆಂದು ಯಮುನೆಗೆ ಹೋಗಿದ್ದಾರೆಂದು ತಪಸ್ವಿಗಳು ತಿಳಿಸಿದರು. ಪಾಂಡವರು ಅದೇ ದಾರಿಯಲ್ಲಿ ನಡೆದರು. ದೂರದಿಂದ ಕಂಡೊಡನೆ ಸಹದೇವನು ಓಡಿಹೋಗಿ ಕುಂತಿಯ ಪಾದಗಳನ್ನು ಹಿಡಿದು ಗಟ್ಟಿಯಾಗಿ ಅತ್ತುಬಿಟ್ಟನು. ಅವನು ಮಾದ್ರಿಯ ಮಗ, ಕುಂತಿಯ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಕುಂತಿಯು ಅವನನ್ನು ಎತ್ತಿ ಅಪ್ಪಿಕೊಂಡು, ಕಣ್ಣು ಕಟ್ಟಿಕೊಂಡಿದ್ದ ಗಾಂಧಾರಿಗೆ ‘ಸಹದೇವ ಬಂದಿದ್ದಾನೆ’ ಎಂದು ತಿಳಿಸಿದಳು. ಉಳಿದವರೂ ಬಂದು ನಮಸ್ಕರಿಸಿದರು. ಧೃತರಾಷ್ಟ್ರನು ಒಬ್ಬೊಬ್ಬರನ್ನೂ ಧ್ವನಿಯಿಂದಲೂ ಸ್ಪರ್ಶದಿಂದಲೂ ಗುರುತಿಸಿದನು. ಆಮೇಲೆ ಪಾಂಡವರು ಮಾಡಿದ ಮೊದಲನೆಯ ಕೆಲಸವೇನು ಗೊತ್ತೇ? ಆ ಮೂವರ ಕೈಯಲ್ಲಿದ್ದ ನೀರಿನ ಕಲಶಗಳನ್ನು ತಾವೇ ತೆಗೆದುಕೊಂಡರು.

ಸೇವಕರಿರಲಿಲ್ಲವೆ? ಒಂದು ಸೈನ್ಯವೇ ಹಿಂದೆ ಇತ್ತು. ಆದರೂ ರಾಜಸೂಯವನ್ನೂ ಅಶ್ವಮೇಧವನ್ನೂ ಮಾಡಿದ ಕೈಗಳು ಬಿಂದಿಗೆಯನ್ನು ಹಿಡಿದವು. ವೇದವ್ಯಾಸದೇವರು ಇಷ್ಟು ಸಣ್ಣ ಸಂಗತಿಯನ್ನು ಬಿಡದೆ ದಾಖಲಿಸಿದ್ದಾರೆ. ನಾವು ವೃದ್ಧಾಶ್ರಮಕ್ಕೆ ಹೋಗುವಾಗ ಹಣ್ಣಿನ ಬುಟ್ಟಿ, ಶಾಲು, ಔಷಧದ ಚೀಟಿ ಎಲ್ಲವನ್ನೂ ತೆಗೆದುಕೊಂಡು ಹೋಗುತ್ತೇವೆ. ಹೋಗಿ ಕುರ್ಚಿಯ ಮೇಲೆ ಅತಿಥಿಗಳಂತೆ ಕೂರುತ್ತೇವೆ. ಕೊಡುವುದು ನಮಗೆ ಗೊತ್ತು. ಅವರ ಕೈಯಲ್ಲಿ ಏನಿದೆ, ಅದನ್ನು ನಾವು ಹಿಡಿಯಬಹುದೆ ಎಂದು ನೋಡುವುದು ಗೊತ್ತಿಲ್ಲ. ಅಜ್ಜನ ಕನ್ನಡಕವನ್ನು ಒರೆಸಿಕೊಡುವುದು, ಒಗೆದು ಒಣಗಿದ ಪಂಚೆಯನ್ನು ಮಡಿಸಿಡುವುದು, ಅಜ್ಜಿಯ ಉಗುರನ್ನು ಕತ್ತರಿಸುವುದು, ದೇವರ ಪಟದ ಮುಂದಿನ ಬಾಡಿದ ಹೂವನ್ನು ತೆಗೆಯುವುದು; ಹತ್ತು ವರ್ಷದ ಮಗುವೂ ಇದನ್ನು ಮಾಡಬಲ್ಲದು. ಅದಕ್ಕೆ ಸಿಬ್ಬಂದಿಯವರಿದ್ದಾರೆ ಎನ್ನಬೇಡಿ.

ಆ ರಾತ್ರಿಯ ವರ್ಣನೆ ಇನ್ನೂ ಸೊಗಸಾಗಿದೆ. ಪಾಂಡವರು ಬೆಲೆಬಾಳುವ ಹಾಸಿಗೆಗಳನ್ನು ಬಿಟ್ಟು ತಾಯಿಯ ಸುತ್ತಲೂ ಬರಿಯ ನೆಲದ ಮೇಲೆ ಮಲಗಿದರು. ಧೃತರಾಷ್ಟ್ರನಿಗೆ ಏನು ಆಹಾರವೋ ಅದನ್ನೇ ತಾವೂ ಉಂಡರು. ಇಂದು ಅಜ್ಜಿಯನ್ನು ಕಾಣಲು ಹೋದವರು ದಾರಿಯ ಹೋಟೆಲಿನಲ್ಲಿ ಊಟ ಮುಗಿಸಿಕೊಂಡು ಹೋಗುತ್ತಾರೆ. ಅಲ್ಲಿಯ ಅಡಿಗೆ ಮಕ್ಕಳಿಗೆ ಸೇರುವುದಿಲ್ಲವಂತೆ. ಮೊದಲೇ ತಿಳಿಸಿದರೆ, ಅವರಿಗೆ ಸೇರುವ ಹಣವನ್ನು ಕೊಟ್ಟರೆ, ಅವರ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಲು ಅನೇಕ ಕಡೆ ಅವಕಾಶವಿದೆ. ಮಡಿಯ ಪ್ರಶ್ನೆ ಬರುತ್ತದೆ, ಈರುಳ್ಳಿ-ಬೆಳ್ಳುಳ್ಳಿಯ ಪ್ರಶ್ನೆಯೂ ಬರುತ್ತದೆ, ಬಲ್ಲೆ. ಆದರೆ ಎಂಬತ್ತು ವರ್ಷ ಮಡಿಯಲ್ಲಿ ಬಾಳಿದ ಅಜ್ಜಿಯು ಪ್ರತಿದಿನವೂ ಆ ಪ್ರಶ್ನೆಯನ್ನು ನುಂಗಿಕೊಂಡೇ ಊಟ ಮಾಡುತ್ತಾರೆ. ಅದನ್ನು ನೀವು ಒಂದು ದಿನ ಜೊತೆಗೆ ಕುಳಿತು ಕಂಡರೆ, ಚಾತುರ್ಮಾಸ್ಯದ ಶಾಕವ್ರತ, ದಧಿವ್ರತಗಳನ್ನು ಅವರು ಅಲ್ಲಿ ಹೇಗೆ ನಡೆಸುತ್ತಾರೆಂದು ವಿಚಾರಿಸುವ ಬುದ್ಧಿಯಾದರೂ ಬಂದೀತು. ಅಡಿಗೆಯವರಿಗೆ ಒಂದು ಮಾತು ಹೇಳಿ ದ್ವಿದಳವ್ರತದ ತಿಂಗಳಲ್ಲಿ ಬೇಳೆಯಿಲ್ಲದ ಸಾರನ್ನು ಮಾಡಿಸಿಕೊಟ್ಟ ಮೊಮ್ಮಗಳೊಬ್ಬಳನ್ನು ನಾನು ಬಲ್ಲೆ. ಅವಳು ಸಂಸ್ಕೃತದ ಒಂದು ಅಕ್ಷರವನ್ನೂ ಓದಿದವಳಲ್ಲ.

ಈಗ ಕಠಿನವಾದ ಒಂದು ವಿಷಯ. ಎಷ್ಟೋ ಮಂದಿ ಹೇಳುತ್ತಾರೆ: ‘ಅಜ್ಜಿಗೆ ಮರೆವು. ನಾವು ಯಾರೆಂದೇ ಗೊತ್ತಾಗುವುದಿಲ್ಲ. ಹೋಗಿ ಏನು ಪ್ರಯೋಜನ? ಹೋದದ್ದು ಮರುಕ್ಷಣ ನೆನಪಿರುವುದಿಲ್ಲ.’ ಇದಕ್ಕೆ ನಮ್ಮ ಸಿದ್ಧಾಂತದಲ್ಲಿ ಉತ್ತರವಿದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಶ್ರೀಮದಾಚಾರ್ಯರ ಮತದಲ್ಲಿ ಮನಸ್ಸು ಎಂಬುದು ಜಡವಾದ ಒಂದು ಇಂದ್ರಿಯ. ಕಣ್ಣು, ಕಿವಿಗಳಂತೆಯೇ ಅದೂ ಜೀವನಿಗೆ ಒದಗಿದ ಸಾಧನ. ಹಿಂದೆ ನಡೆದದ್ದನ್ನು ಸ್ಮರಿಸುವುದು ಆ ಮನಸ್ಸಿನ ಕೆಲಸ. ಕಣ್ಣಿಗೆ ಪೊರೆ ಬರುವಂತೆ, ಕಿವಿ ಮಂದವಾಗುವಂತೆ ಮನಸ್ಸೂ ಸವೆಯುತ್ತದೆ. ಆದರೆ ಜೀವನಲ್ಲಿ ಸಾಕ್ಷಿಯೆಂಬ ಮತ್ತೊಂದು ಇಂದ್ರಿಯವಿದೆ. ಅದು ಜಡವಲ್ಲ. ಅದು ಜೀವನ ಸ್ವರೂಪವೇ, ಸ್ವರೂಪೇಂದ್ರಿಯ. ಸುಖದುಃಖಗಳನ್ನು ನೇರವಾಗಿ ಅರಿಯುವುದು ಆ ಸಾಕ್ಷಿಯೇ ಹೊರತು ಮನಸ್ಸಲ್ಲ. ಮನಸ್ಸು ಭ್ರಮಿಸಬಹುದು, ಸಾಕ್ಷಿಯು ಭ್ರಮಿಸುವುದಿಲ್ಲ, ಸವೆಯುವುದಿಲ್ಲ, ಮುದಿಯಾಗುವುದಿಲ್ಲ. ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ಈ ಪ್ರಮೇಯವನ್ನು ವಾದಕ್ಕಾಗಿ ಬಳಸುತ್ತೇವೆ. ವೃದ್ಧಾಶ್ರಮದ ಮಂಚದ ಪಕ್ಕದಲ್ಲಿ ಅದನ್ನು ಬಳಸಿ ನೋಡಿ. ಮೊಮ್ಮಗಳು ಬಂದು ಅಜ್ಜಿಯ ಕೈಯನ್ನು ಹಿಡಿದುಕೊಳ್ಳುತ್ತಾಳೆ. ಇವಳು ಯಾರ ಮಗಳು, ಯಾವ ಊರಿನಿಂದ ಬಂದಳು ಎಂಬುದು ಅಜ್ಜಿಯ ಮನಸ್ಸಿಗೆ ಎಟುಕದಿರಬಹುದು. ಆದರೆ ಆ ಕ್ಷಣದ ಸುಖವನ್ನು ಸಾಕ್ಷಿಯು ಅರಿತಾಯಿತು. ಅದರಲ್ಲಿ ಕೊರತೆಯಿಲ್ಲ. ಮರುಕ್ಷಣ ಸ್ಮರಣೆಗೆ ಬರಲಿಲ್ಲವೆಂದರೆ ಅನುಭವವೇ ಆಗಲಿಲ್ಲ ಎಂದು ಯಾವ ತಾರ್ಕಿಕನೂ ಹೇಳಲಾರನು. ಮತ್ತು ಆ ಜೀವನೊಳಗೆ ಬಿಂಬರೂಪಿಯಾಗಿ ನಿಂತಿರುವ ಶ್ರೀಹರಿಗೆ ಮರೆವು ಎಲ್ಲಿಯದು? ನೀವು ಹೋದದ್ದನ್ನು ಅವನು ಬಲ್ಲನು.

ನಮ್ಮವರಲ್ಲಿ ಒಂದು ಕೆಟ್ಟ ಅಭ್ಯಾಸವಿದೆ. ಹಿರಿಯರ ಮುಂದೆ ನಿಂತು, ‘ನಾನು ಯಾರು, ಹೇಳಿ ನೋಡೋಣ?’ ಎಂದು ಪರೀಕ್ಷೆ ಮಾಡುವುದು. ಅವರು ತಡವರಿಸಿದರೆ ಅಕ್ಕಪಕ್ಕದವರನ್ನು ನೋಡಿ ಕಣ್ಣು ಮಿಟುಕಿಸುವುದು. ದಯವಿಟ್ಟು ಇದನ್ನು ಬಿಡಿ. ಆಶ್ರಮವಾಸಿಕ ಪರ್ವದಲ್ಲಿಯೇ ಇನ್ನೊಂದು ಪ್ರಸಂಗವಿದೆ. ವಿದುರನು ಕಠೋರವಾದ ತಪಸ್ಸಿನಿಂದ ಬಡಕಲಾಗಿ, ಮಾತು ಬಿಟ್ಟು ಕಾಡಿನಲ್ಲಿ ಅಲೆಯುತ್ತಿದ್ದನು. ಧರ್ಮರಾಜನು ಅವನನ್ನು ಕಂಡು ಒಬ್ಬನೇ ಹಿಂದೆ ಓಡಿದನು. ವಿದುರನು ಒಂದು ಮರಕ್ಕೆ ಒರಗಿ ನಿಂತಾಗ, ಎದುರಿಗೆ ಹೋಗಿ, ‘ನಾನು ಯುಧಿಷ್ಠಿರ’ ಎಂದು ತನ್ನ ಹೆಸರನ್ನು ಹೇಳಿಕೊಂಡನು. ಇಬ್ಬರೂ ಯಮದೇವರ ಅವತಾರಗಳೇ. ತನ್ನನ್ನು ಎತ್ತಿ ಆಡಿಸಿದ ಚಿಕ್ಕಪ್ಪನಿಗೆ ಯುಧಿಷ್ಠಿರನು ಹೆಸರನ್ನು ಹೇಳಬೇಕಾಗಿತ್ತೆ? ಆದರೂ ಹೇಳಿದನು. ಉಪನಯನವಾದ ವಟುವಿಗೆ ನಾವು ಮೊದಲು ಕಲಿಸುವುದೂ ಇದನ್ನೇ ಅಲ್ಲವೆ? ಹಿರಿಯರ ಮುಂದೆ ನಿಂತು ಋಷಿಗಳು, ಗೋತ್ರ, ಸೂತ್ರ, ಶಾಖೆ, ಕೊನೆಗೆ ತನ್ನ ಹೆಸರು, ಇಷ್ಟನ್ನು ಹೇಳಿ ನಮಸ್ಕರಿಸಬೇಕು. ಹಿರಿಯರು ನೆನಪು ಮಾಡಿಕೊಳ್ಳಲಿ ಎಂದು ಶಾಸ್ತ್ರವು ಕಾಯುವುದಿಲ್ಲ. ಹೆಸರನ್ನು ಹೇಳಬೇಕಾದವನು ಕಿರಿಯವನು. ಪ್ರತಿಸಲ ಹೋದಾಗಲೂ ಹೇಳಬೇಕು. ಮರೆವು ಬಂದ ಅಜ್ಜನ ಮುಂದೆ ಹುಡುಗನು ಪ್ರವರವನ್ನು ಹೇಳಿದಾಗ, ಮೊಮ್ಮಗನ ಹೆಸರು ನೆನಪಾಗದ ಅಜ್ಜನು ಗೋತ್ರದ ಋಷಿಗಳ ಹೆಸರನ್ನು ತಾನೇ ಮುಂದುವರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಎಪ್ಪತ್ತು ವರ್ಷ ತ್ರಿಕಾಲವೂ ಉಚ್ಚರಿಸಿದ ಮಾತು ನಾಲಗೆಯಲ್ಲಿ ಉಳಿದಿತ್ತು.

ಧೃತರಾಷ್ಟ್ರನು ಧ್ವನಿಯಿಂದಲೂ ಸ್ಪರ್ಶದಿಂದಲೂ ಗುರುತಿಸಿದನೆಂದೆ. ಇಂದು ದೂರವಾಣಿಯಲ್ಲಿಯೇ ಮುಖವನ್ನು ನೋಡಿ ಮಾತನಾಡಬಹುದು. ಅದನ್ನು ನಾನು ತೆಗಳುವವನಲ್ಲ. 2020ರ ಮಹಾಮಾರಿಯ ಕಾಲದಲ್ಲಿ ವೃದ್ಧಾಶ್ರಮಗಳ ಬಾಗಿಲು ಹೊರಗಿನವರಿಗೆ ಮುಚ್ಚಿದಾಗ ಅದೊಂದೇ ಆಸರೆಯಾಗಿತ್ತು. ಪರದೇಶದಲ್ಲಿರುವ ಮೊಮ್ಮಕ್ಕಳಿಗೆ ಇಂದಿಗೂ ಅದೇ ದಾರಿ. ಧ್ವನಿಯು ಅದರಲ್ಲಿ ಹೋಗುತ್ತದೆ. ಸ್ಪರ್ಶವು ಹೋಗುವುದಿಲ್ಲ. ಅರ್ಧ ಗಂಟೆಯ ದಾರಿಯಲ್ಲಿರುವವರೂ ಅದರಲ್ಲಿಯೇ ಮುಗಿಸಿಬಿಡುವುದನ್ನು ಕಂಡರೆ ಮಾತ್ರ ನನಗೆ ಬೇಸರವಾಗುತ್ತದೆ.

ಬೇಸರವಾಗುತ್ತದೆ ಎಂದು ಹೇಳುವ ಅಧಿಕಾರ ನನಗೆ ಇದೆಯೇ? ಇಲ್ಲ. ಅದನ್ನೂ ಹೇಳಿಬಿಡುತ್ತೇನೆ.

ನಮ್ಮ ಮಕ್ಕಳ ಅಜ್ಜಿ, ಎಂದರೆ ನನ್ನ ಅತ್ತೆಯವರು, ಕೊನೆಯ ಮೂರು ವರ್ಷ ಒಂದು ವೃದ್ಧಾಶ್ರಮದಲ್ಲಿದ್ದರು. ನನ್ನ ಪತ್ನಿ ಅವರಿಗೆ ಒಬ್ಬಳೇ ಮಗಳು. ಬಿದ್ದು ಕಾಲು ಮುರಿದ ಮೇಲೆ ನಮ್ಮ ಮನೆಯ ಮೆಟ್ಟಿಲುಗಳನ್ನು ಹತ್ತುವುದು ಅವರಿಗೆ ಆಗುತ್ತಿರಲಿಲ್ಲ. ಅವರೇ ಆ ಏರ್ಪಾಡನ್ನು ಬಯಸಿದರು. ಪತ್ನಿಯು ವಾರಕ್ಕೊಮ್ಮೆ ತಪ್ಪದೆ ಹೋಗುತ್ತಿದ್ದಳು. ನಾನು ಹಬ್ಬಕ್ಕೊಮ್ಮೆ. ಮಗನನ್ನು ಕರೆದುಕೊಂಡು ಬಾ ಎಂದು ಅವರು ಹೇಳಿ ಕಳುಹಿಸುತ್ತಿದ್ದರು. ಅವನದು ಎಸ್.ಎಸ್.ಎಲ್.ಸಿ. ವರ್ಷ. ಪರೀಕ್ಷೆ ಮುಗಿಯಲಿ ಎಂದು ನಾನೇ ತಡೆದೆ. ಆ ವರ್ಷದ ನನ್ನ ಪ್ರವಚನಗಳ ವಿಷಯ ಪಿತೃಭಕ್ತಿ. ಊರೂರಿಗೆ ಹೋಗಿ ಹೇಳಿ ಬಂದೆ. ಫಾಲ್ಗುನ ಮಾಸದಲ್ಲಿ ಒಂದು ದ್ವಾದಶಿಯ ಬೆಳಿಗ್ಗೆ, ಪಾರಣೆಗೆ ಎಲೆ ಹಾಕಿದ್ದಾಗ, ಅಲ್ಲಿಂದ ಕರೆ ಬಂದಿತು. ಪರೀಕ್ಷೆಗೆ ಇನ್ನೂ ಹದಿನೈದು ದಿನವಿತ್ತು.

ಆ ವರ್ಷದ ಮಹಾಲಯದಲ್ಲಿ ಸರ್ವಪಿತೃಗಳಿಗೆ ಪಿಂಡವಿಡುವಾಗ ಶ್ವಶ್ರೂವೆಂದು ಅವರ ಗೋತ್ರವನ್ನೂ ಹೆಸರನ್ನೂ ಉಚ್ಚರಿಸಿದೆ. ಎಳ್ಳು, ನೀರು ಕೊಡಲು ಪಕ್ಕದಲ್ಲಿ ನಿಂತಿದ್ದ ಮಗನು ಮೆಲ್ಲಗೆ ಕೇಳಿದನು: ‘ಅಪ್ಪಾ, ಅದು ಯಾರ ಹೆಸರು?’

ಅವನಿಗೆ ಅವರು ಅಜ್ಜಿ, ಅಷ್ಟೇ. ಹೆಸರು ಗೊತ್ತಿರಲಿಲ್ಲ. ಹೇಳಿಕೊಡಬೇಕಾದವನು ನಾನು. ಕೇಳಿ ತಿಳಿಯಲು ಅವನಿಗಿದ್ದ ಅವಕಾಶವನ್ನು ತಡೆದವನೂ ನಾನೇ.

ಪಾಂಡವರಿಗೂ ಎರಡನೆಯ ಸಲ ಹೋಗಲು ಆಗಲಿಲ್ಲ ಎಂಬುದನ್ನು ಆ ಮಹಾಲಯದ ಅನಂತರ ಬೇರೆ ರೀತಿಯಲ್ಲಿ ಓದತೊಡಗಿದೆ. ಅವರು ಹಸ್ತಿನಾಪುರಕ್ಕೆ ಹಿಂದಿರುಗಿ ಎರಡು ವರ್ಷವಾದ ಮೇಲೆ ನಾರದರು ಬಂದರು. ಗಂಗಾದ್ವಾರದ ಸಮೀಪದ ಕಾಡಿನಲ್ಲಿ ಬೆಂಕಿ ಹತ್ತಿ ಆ ಮೂವರೂ ದೇಹವನ್ನು ಬಿಟ್ಟರೆಂದೂ, ಸಂಜಯನು ಮಾತ್ರ ಪಾರಾಗಿ ಹಿಮಾಲಯದ ಕಡೆಗೆ ಹೋದನೆಂದೂ ತಿಳಿಸಿದರು. ಧರ್ಮರಾಜನು ತಾಯಿಯನ್ನು ನೆನೆದು ಅತ್ತನು. ಇಷ್ಟು ಮಕ್ಕಳಿದ್ದೂ ಅವರು ಅನಾಥರಂತೆ ಬೆಂಕಿಗೆ ಸಿಕ್ಕಿದರಲ್ಲ ಎಂಬುದು ಅವನ ಸಂಕಟ. ಅದು ಬರಿಯ ಕಾಡುಕಿಚ್ಚಲ್ಲ, ಧೃತರಾಷ್ಟ್ರನೇ ಪೂಜಿಸಿದ ಅಗ್ನಿಯೆಂದು ನಾರದರು ಸಮಾಧಾನ ಹೇಳಿದರು. ಗಂಗೆಯ ತೀರದಲ್ಲಿ ತರ್ಪಣ, ಶ್ರಾದ್ಧ, ದಾನ, ಎಲ್ಲವೂ ವೈಭವದಿಂದ ನಡೆದವು. ಆದರೆ ಆ ಒಂದು ತಿಂಗಳು ಇದ್ದು ಬಂದದ್ದು ಅವನ ಬಳಿಯಲ್ಲಿ ಉಳಿದಿತ್ತು. ನನ್ನ ಮಗನ ಬಳಿಯಲ್ಲಿ ಅದಿಲ್ಲ.

ಶ್ರಾದ್ಧದಲ್ಲಿ ಮೂರು ತಲೆಮಾರುಗಳನ್ನು ಹೆಸರು ಹಿಡಿದು ಕರೆಯುತ್ತೇವೆ. ತಂದೆಯಲ್ಲಿ ವಸ್ವಂತರ್ಗತ ಪ್ರದ್ಯುಮ್ನ, ಅಜ್ಜನಲ್ಲಿ ರುದ್ರಾಂತರ್ಗತ ಸಂಕರ್ಷಣ, ಮುತ್ತಜ್ಜನಲ್ಲಿ ಆದಿತ್ಯಾಂತರ್ಗತ ವಾಸುದೇವ ಎಂದು ಅನುಸಂಧಾನ. ತಾಯಿಯ ಕಡೆಯವರಿಗೂ ಸ್ಥಾನವುಂಟು. ಮಗಳ ಮಗನು ಶ್ರಾದ್ಧದಲ್ಲಿ ಪಾವನನೆಂದು ಮನುವೇ ಹೇಳುತ್ತಾನೆ. ಮಹಾಲಯ ಮುಗಿದ ಮರುದಿನ, ಆಶ್ವಯುಜ ಶುಕ್ಲ ಪ್ರತಿಪದೆಯನ್ನು ದೌಹಿತ್ರನಿಗೆಂದೇ ಮೀಸಲಿಟ್ಟಿದ್ದಾರೆ. ಇಷ್ಟೊಂದು ಹೆಸರುಗಳನ್ನು ನಮ್ಮ ಮಕ್ಕಳು ಎಲ್ಲಿಂದ ಕಲಿಯಬೇಕು? ಪುರೋಹಿತರ ನೋಟ್‌ಬುಕ್ಕಿನಿಂದಲ್ಲ. ಅಜ್ಜಿಯ ಪಕ್ಕದಲ್ಲಿ ಕುಳಿತು, ‘ಅಜ್ಜೀ, ನಿಮ್ಮ ಅಜ್ಜಿಯ ಹೆಸರೇನು? ನಿಮ್ಮ ತೌರು ಯಾವುದು? ಮದುವೆಯಲ್ಲಿ ನಿಮಗೆ ಎಷ್ಟು ವಯಸ್ಸು?’ ಎಂದು ಕೇಳಬೇಕು. ಅವರಿಗೆ ಹೇಳುವುದಕ್ಕಿಂತ ಸಂತೋಷ ಬೇರೊಂದಿಲ್ಲ. ಒಂದು ಸಣ್ಣ ಪುಸ್ತಕವನ್ನು ತೆಗೆದುಕೊಂಡು ಹೋಗಿ ಮಗುವೇ ಬರೆದುಕೊಳ್ಳಲಿ.

ಇನ್ನೊಂದು ಸಂಗತಿಯನ್ನು ತಾಯಂದಿರಿಗೆ ಹೇಳುತ್ತೇನೆ. ಹೋಗುವಾಗ ಹಣ್ಣಿನ ಜೊತೆಗೆ ಒಂದಿಷ್ಟು ಅರಳೆಯನ್ನು ತೆಗೆದುಕೊಂಡು ಹೋಗಿ. ಗೆಜ್ಜೆವಸ್ತ್ರ, ಹೂಬತ್ತಿಗಳನ್ನು ಮಾಡಿಕೊಡಿರೆಂದು ಅಜ್ಜಿಯನ್ನು ಕೇಳಿ. ಕಣ್ಣು ಮಂದವಾದರೂ ಆ ಬೆರಳುಗಳಿಗೆ ಅರಳೆಯ ಅಭ್ಯಾಸ ಹೋಗಿರುವುದಿಲ್ಲ. ಮುಂದಿನ ಸಲ ಹೋದಾಗ ಅವರು ಮಾಡಿಟ್ಟದ್ದನ್ನು ಮರೆಯದೆ ತಂದು ನಿಮ್ಮ ದೇವರ ಮನೆಯಲ್ಲಿ ಏರಿಸಿ, ಏರಿಸಿದ್ದನ್ನು ಅವರಿಗೆ ತಿಳಿಸಿ. ಅಜ್ಜನಿದ್ದರೆ, ಉಪನಯನವಾದ ಹುಡುಗನು ಅವರ ಎದುರಿಗೆ ಸಂಧ್ಯಾವಂದನೆಯನ್ನು ಮಾಡಲಿ; ತಪ್ಪಿದಲ್ಲಿ ಅವರು ಗದರಲಿ. ಗದರುವುದಕ್ಕೆ ಅಲ್ಲಿ ಅವರಿಗೆ ಯಾರೂ ಇಲ್ಲ. ನಮ್ಮ ದೇವಸ್ಥಾನದಲ್ಲಿ ಹಿರಿಯರಿಗಾಗಿ ತೀರ್ಥ, ಮಂತ್ರಾಕ್ಷತೆ, ಅಂಗಾರವನ್ನು ಬೇರೆ ಪೊಟ್ಟಣ ಕಟ್ಟಿಕೊಡುವಂತೆ ಅರ್ಚಕರಿಗೆ ಹೇಳಿದ್ದೇನೆ. ಭಾನುವಾರ ಬೆಳಿಗ್ಗೆ ಮಹಾಮಂಗಳಾರತಿಯ ಅನಂತರ ಕೇಳಿ ಪಡೆಯಬಹುದು.

ಹೊರಡುವ ಹೊತ್ತು ಎಲ್ಲಕ್ಕಿಂತ ಕಷ್ಟ. ವೇದವ್ಯಾಸದೇವರು ಅದನ್ನೂ ಬಿಟ್ಟಿಲ್ಲ. ಸಹದೇವನು ತಾಯಿಯನ್ನು ಬಿಟ್ಟು ಬರಲಾರೆನೆಂದು ಹಟ ಹಿಡಿದನು. ಕುಂತಿಯೇ ಅಪ್ಪಿಕೊಂಡು ಸಮಾಧಾನಪಡಿಸಿ ಕಳುಹಿಸಿದಳು. ಹಾಲು ಕುಡಿಯದಂತೆ ಹಿಡಿದೆಳೆದ ಕರುಗಳ ಹಾಗೆ, ಮತ್ತೆ ಮತ್ತೆ ತಿರುಗಿ ನೋಡುತ್ತ, ಪ್ರದಕ್ಷಿಣೆ ಮಾಡಿ ಅವರು ಹೊರಟರು. ಹೊರಡುವಾಗ ‘ಇನ್ನೊಮ್ಮೆ ಬರುತ್ತೇವೆ’ ಎಂದು ಗಾಳಿಯಲ್ಲಿ ತೇಲಿಸಿ ಏಳಬೇಡಿ. ಹಿರಿಯರು ಆ ಮಾತನ್ನು ಹಿಡಿದುಕೊಂಡು ದಿನಗಳನ್ನು ಎಣಿಸುತ್ತಾರೆ. ತಿಥಿಯನ್ನು ಹೇಳಿ ಏಳಿ. ಇಂಜಿನ್ನಿನ ಮಾತನ್ನು ಹೇಳಿದ ಅದೇ ಅಜ್ಜಿಯವರ ಕೊಠಡಿಗೆ ಐದನೆಯ ದಿನ ಪ್ರವಚನ ಮುಗಿದ ಮೇಲೆ ಹೋಗಿದ್ದೆ. ಅಂದು ಮೊಮ್ಮಗಳು ಬಂದಿದ್ದಳು, ಬೆಳಗಿನಿಂದ ಅಲ್ಲಿಯೇ ಇದ್ದಳಂತೆ. ಹೊರಡುವಾಗ ಮುಂದಿನ ತಿಂಗಳು ಇಂತಹ ದಿನ ಬರುತ್ತೇನೆಂದಳು. ಅಜ್ಜಿಯು ದಿಂಬಿನ ಕೆಳಗಿನಿಂದ ಪಂಚಾಂಗವನ್ನು ತೆಗೆದು, ಭೂತಗನ್ನಡಿಯನ್ನು ಹಿಡಿದು, ಆ ಪುಟದ ಮೇಲೆ ಬೆರಳನ್ನು ಓಡಿಸಿದರು. ‘ಅವತ್ತು ದ್ವಾದಶಿ ಕಣೇ. ಪಾರಣೆ ಬೇಗ. ಬಿಸಿಲೇರೋದರೊಳಗೆ ಬಂದ್ಬಿ��ು’ ಎಂದರು.

॥ ಶ್ರೀಕೃಷ್ಣಾರ್ಪಣಮಸ್ತು ॥